ಜೋನಿ ಯಾರ ಪಾಲು?

ಜನವರಿಯ ಬೆಳಿಗ್ಗೆ ಏಳರ ಹೊತ್ತು. ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ದ್ರಾಕ್ಷಿ ಪಡದೊಳಗೆ ಬಿಸಿಲು ಇನ್ನೂ ಇಳಿದಿರುವುದಿಲ್ಲ. ಒಂದು ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಐದು ನಿಮಿಷ ಬರೀ ಕಾಂಡವನ್ನು ನೋಡಿ. ಇರುವೆ ಸಾಲು ಇದ್ದರೆ ಮೇಲಕ್ಕೆ ಹೋಗುವವು, ಕೆಳಕ್ಕೆ ಬರುವವು ಎಂದು ಬೇರೆ ಬೇರೆ ಮಾಡಿ ಗಮನಿಸಿ. ಏರುವ ಇರುವೆಯ ಹೊಟ್ಟೆ ಚಪ್ಪಟೆ, ಒತ್ತಾದ ಕಪ್ಪು. ಇಳಿಯುವ ಇರುವೆಯ ಹೊಟ್ಟೆ ಉಬ್ಬಿರುತ್ತದೆ. ಬೆನ್ನ ಮೇಲಿನ ಗಟ್ಟಿ ಪಟ್ಟಿಗಳು ಒಂದರಿಂದೊಂದು ದೂರ ಸರಿದು, ನಡುವಿನ ತೆಳು ಚರ್ಮದ ಮೂಲಕ ಬೆಳಕು ಹಾಯುತ್ತದೆ. ಬಾಯಲ್ಲಿ ಕಾಳಿಲ್ಲ, ಹುಳದ ತುಂಡಿಲ್ಲ. ಆದರೂ ಅದು ಬರಿಗೈಯಲ್ಲಿ ಇಳಿಯುತ್ತಿಲ್ಲ. ಆ ಹೊಟ್ಟೆಯ ತುಂಬ ಇರುವುದು ಸಕ್ಕರೆ ನೀರು. ಮೇಲೆ ಎಲ್ಲೋ ಹಿಟ್ಟು ತಿಗಣೆ ಎಂಬ ರಸ ಹೀರುವ ಹುಳು ಕೂತಿದೆ ಎನ್ನುವುದಕ್ಕೆ ಇದಕ್ಕಿಂತ ಮೊದಲೇ ಸಿಗುವ ಗುರುತು ಬೇರೊಂದಿಲ್ಲ. ಗೊನೆಯ ಮೇಲೆ ಬಿಳಿ ಹತ್ತಿ ಕಾಣುವುದು, ಕಾಯಿ ಅಂಟಂಟಾಗುವುದು, ಕಪ್ಪು ಮಸಿ ಹಿಡಿಯುವುದು ಎಲ್ಲ ಆಮೇಲಿನದು.

ಈ ಅಂಟನ್ನು ಇಲ್ಲಿ ಜೋನಿ ಬೆಲ್ಲಕ್ಕೆ ಹೋಲಿಸಿ ಜೋನಿ ಅಂದುಬಿಟ್ಟರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಹಿಟ್ಟು ತಿಗಣೆ, ಸಸ್ಯಹೇನು, ಶಲ್ಕ ಕೀಟ, ಬಿಳಿ ನೊಣ ಇವೆಲ್ಲ ಗಿಡದ ಆಹಾರನಾಳಕ್ಕೆ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುವ ಹುಳುಗಳು. ಆ ರಸದಲ್ಲಿ ಸಕ್ಕರೆ ವಿಪರೀತ, ಮೈ ಬೆಳೆಯಲು ಬೇಕಾದ ಅಮೈನೋ ಆಮ್ಲ ತೀರ ಕಡಿಮೆ. ಬೇಕಾದಷ್ಟು ಅಮೈನೋ ಆಮ್ಲ ಕೂಡಿಸಿಕೊಳ್ಳಬೇಕೆಂದರೆ ಹುಳು ಬೇಡದಷ್ಟು ಸಕ್ಕರೆ ಕುಡಿಯಲೇಬೇಕು. ಮಿಕ್ಕ ಸಕ್ಕರೆಯನ್ನು ಹನಿಹನಿಯಾಗಿ ಹೊರಗೆ ಬಿಡುತ್ತದೆ. ಅದರಲ್ಲಿ ಸುಕ್ರೋಸ್, ಗ್ಲೂಕೋಸ್, ಫ್ರುಕ್ಟೋಸ್ ಇರುತ್ತವೆ. ಇವುಗಳ ಜೊತೆಗೆ ಹುಳುವೇ ತನ್ನ ಹೊಟ್ಟೆಯಲ್ಲಿ ಕಟ್ಟಿದ ಮೆಲೆಜಿಟೋಸ್ ಎಂಬ ಸಕ್ಕರೆಯೂ ಇರುವುದುಂಟು. ಇರುವೆಗೆ ಇದರ ಮೇಲೆ ವಿಶೇಷ ಆಸೆ.

ಇರುವೆ ಹಿಟ್ಟು ತಿಗಣೆಯನ್ನು ಕಾಯುತ್ತದೆ ಎನ್ನುವುದು ಹೊಸ ಮಾತಲ್ಲ. ಆದರೆ ಆ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ಕಾವಲು ಎಂದ ಕೂಡಲೇ ಇರುವೆ, ತಿಗಣೆ ತಿನ್ನಲು ಬಂದ ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಅದು ನಿಜವೇ. ಅಷ್ಟೇ ದೊಡ್ಡದು ಇನ್ನೊಂದಿದೆ: ಅದೇ ಜೋನಿ ನಮ್ಮ ಮಿತ್ರಕೀಟಗಳ ಊಟವೂ ಹೌದು, ಇರುವೆ ಆ ಊಟದ ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತದೆ.

ಮಿತ್ರಕೀಟ ಎಂದರೆ ಹುಳು ತಿನ್ನುವ ಹುಳು ಎಂದು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅದರ ಬಾಳಿನ ಒಂದು ಹೊತ್ತಿಗೆ ಮಾತ್ರ ಅದು ನಿಜ. ಹಸಿರು ಜಾಲರೆಕ್ಕೆ ಕೀಟವನ್ನು ನೋಡಿ. ನಮ್ಮಲ್ಲಿ ಸಾಕಿ ಬಿಡುವ ಕ್ರೈಸೋಪರ್ಲಾ ಎಂಬ ಜಾತಿಯ ಮರಿಯು ಹೇನು, ಥ್ರಿಪ್ಸ್, ಮೊಟ್ಟೆ ಎಲ್ಲವನ್ನೂ ಹೀರಿ ಎಸೆಯುತ್ತದೆ. ರೆಕ್ಕೆ ಬಂದ ಮೇಲೆ ಬೇಟೆಯನ್ನೇ ಬಿಟ್ಟು ಪರಾಗ, ಮಕರಂದ, ಜೋನಿಯಿಂದ ಬದುಕುತ್ತದೆ. ಸಿರ್ಫಿಡ್ ನೊಣವೂ ಹಾಗೆಯೇ, ಮರಿಯಿದ್ದಾಗ ಹೇನು, ದೊಡ್ಡದಾದ ಮೇಲೆ ಹೂವು. ಹಿಟ್ಟು ತಿಗಣೆಯೊಳಗೆ ಮೊಟ್ಟೆಯಿಡುವ ಅನಾಗೈರಸ್, ಕಾಯಿಕೊರಕದ ಮರಿಯೊಳಗೆ ಮೊಟ್ಟೆಯಿಡುವ ಕ್ಯಾಂಪೊಲೆಟಿಸ್, ಮೊಟ್ಟೆಯೊಳಗೇ ಮೊಟ್ಟೆಯಿಡುವ ಟ್ರೈಕೋಗ್ರಾಮ, ಈ ಪುಟ್ಟ ಕಣಜಗಳಿಗಂತೂ ಸಕ್ಕರೆಯೇ ಉಸಿರು. ಇಂಥ ಬಹಳಷ್ಟು ಕಣಜಗಳು ನೀರಷ್ಟೇ ಸಿಕ್ಕರೆ ಎರಡು ಮೂರು ದಿನದಲ್ಲಿ ಸಾಯುತ್ತವೆ, ಸಕ್ಕರೆ ಸಿಕ್ಕರೆ ವಾರಗಟ್ಟಲೆ ಬಾಳುತ್ತವೆ. ಕಾರಣ ಅವುಗಳ ಮೈಯಲ್ಲೇ ಇದೆ. ಹೀಗೆ ಬೇರೆ ಹುಳುವಿನೊಳಗೆ ಬೆಳೆಯುವ ಬಹುಪಾಲು ಪರತಂತ್ರ ಕಣಜಗಳು ವಯಸ್ಸಿಗೆ ಬಂದ ಮೇಲೆ ಹೊಸದಾಗಿ ಕೊಬ್ಬು ಕಟ್ಟಲಾರವು. ಮರಿಯಾಗಿದ್ದಾಗ ಕೂಡಿಸಿಕೊಂಡ ಕೊಬ್ಬೇ ಅವುಗಳ ಬಂಡವಾಳ, ಅದರಿಂದಲೇ ಮೊಟ್ಟೆ ತಯಾರಾಗಬೇಕು. ಹಾರಾಟಕ್ಕೆ ಸಕ್ಕರೆ ಸಿಕ್ಕರೆ ಆ ಬಂಡವಾಳ ಉಳಿಯುತ್ತದೆ, ಸಿಗದಿದ್ದರೆ ಕರಗುತ್ತದೆ. ಎರಡು ದಿನ ಬದುಕಿದ ಕಣಜ ಎಷ್ಟು ತಿಗಣೆ ಹುಡುಕೀತು, ಇಪ್ಪತ್ತು ದಿನ ಬದುಕಿದ ಕಣಜ ಎಷ್ಟು ಹುಡುಕೀತು, ಲೆಕ್ಕ ನೀವೇ ಹಾಕಿ.

ಈಗ ಆ ಎಲೆಯ ಮೇಲೆ ಇರುವೆಯನ್ನು ತಂದು ನಿಲ್ಲಿಸಿ. ಕಾವಲಿಲ್ಲದ ಹೇನು ಅಥವಾ ತಿಗಣೆ ಹನಿಯನ್ನು ಎಲೆಯ ಮೇಲೆ ಬೀಳಿಸುತ್ತದೆ. ಆ ಹನಿ ದಾರಿಹೋಕರಿಗೆಲ್ಲ ದಾಸೋಹ. ಇರುವೆ ಇದ್ದಲ್ಲಿ ಹನಿ ಎಲೆ ಮುಟ್ಟುವುದೇ ಇಲ್ಲ. ಇರುವೆ ಮೀಸೆಯಿಂದ ತಟ್ಟುತ್ತದೆ, ಹನಿ ಹೊರಬರುತ್ತದೆ, ಅಲ್ಲಿಂದಲೇ ಬಾಯಿಗೆ ಹೋಗುತ್ತದೆ. ಹೊಟ್ಟೆಯ ಮುಂಭಾಗದಲ್ಲಿ ಇರುವೆಗೆ ಒಂದು ಚೀಲವಿದೆ. ಅದರಲ್ಲಿ ಹೊತ್ತದ್ದು ತನ್ನ ಪಾಲಿನದಷ್ಟೇ ಅಲ್ಲ, ಗೂಡಿಗೆ ಹೋಗಿ ಬಾಯಿಯಿಂದ ಬಾಯಿಗೆ ಹಂಚುತ್ತದೆ. ಒಂದು ಇರುವೆಗೆ ಸಿಹಿ ಸಿಕ್ಕರೆ ದಾರಿಯುದ್ದಕ್ಕೂ ವಾಸನೆಯ ಗೆರೆ ಎಳೆಯುತ್ತದೆ, ಗೆರೆ ಹಿಡಿದು ಹತ್ತು ಬರುತ್ತವೆ, ಹತ್ತೂ ಎಳೆದ ಗೆರೆ ಇನ್ನಷ್ಟು ಗಟ್ಟಿಯಾಗುತ್ತದೆ. ಕಣಜ ಒಂಟಿ. ಅದಕ್ಕೆ ಸಿಕ್ಕಿದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಈ ಪೈಪೋಟಿಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಕೇಳುವುದೇ ಬೇಡ.

ನಮ್ಮ ಒಣ ಹವೆ ಇದಕ್ಕೆ ಇನ್ನೊಂದು ಪೆಟ್ಟು ಕೊಡುತ್ತದೆ. ಫೆಬ್ರುವರಿ ಕೊನೆಗೆ ವಿಜಯಪುರದ ಗಾಳಿಯಲ್ಲಿ ತೇವ ಇರುವುದಿಲ್ಲ. ಎಲೆಯ ಮೇಲೆ ಅಪ್ಪಿತಪ್ಪಿ ಉಳಿದ ಜೋನಿ ಹೊತ್ತೇರುವುದರೊಳಗೆ ಒಣಗಿ ಹರಳುಗಟ್ಟುತ್ತದೆ. ಕಣಜದ ಬಾಯಿ ನೆಕ್ಕುವುದಕ್ಕೆ ಇರುವ ಬಾಯಿ. ಹರಳಾದ ಸಕ್ಕರೆಯನ್ನು ಜೊಲ್ಲಿನಿಂದ ನೆನೆಸಿ ನೆನೆಸಿ ಕರಗಿಸಬೇಕು, ಹೊತ್ತು ಹಿಡಿಯುತ್ತದೆ. ತಾಜಾ ಹನಿಯೇ ಬೇಕು, ತಾಜಾ ಹನಿಯೆಲ್ಲ ಇರುವೆಯ ಪಾಲು.

ಕಾವಲಿದ್ದಾಗ ಏನಾಗುತ್ತದೆ, ಇಲ್ಲದಿದ್ದಾಗ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಕುಸುಬೆ ಗಿಡದ ತುದಿ ನೋಡಿ. ಡಿಸೆಂಬರ್, ಜನವರಿಯಲ್ಲಿ ಕಪ್ಪು ಹೇನು ತುದಿಯ ಸುತ್ತ ಮುತ್ತಿರುತ್ತದೆ. ಕುಸುಬೆಯ ಈ ಹೇನಿಗೆ ಸಾಮಾನ್ಯವಾಗಿ ಇರುವೆ ಕಾವಲು ಇರುವುದಿಲ್ಲ. ಅದರ ಜೋನಿ ಕೆಳಗಿನ ಎಲೆಗಳ ಮೇಲೆ ಸುರಿದು ಹೊಳೆಯುತ್ತಿರುತ್ತದೆ. ಅಲ್ಲೇ ಗುಲಗಂಜಿ ಹುಳು, ಜಾಲರೆಕ್ಕೆ ಕೀಟದ ದಾರದ ತುದಿಯ ಮೊಟ್ಟೆ, ಸಿರ್ಫಿಡ್ ನೊಣ ಎಲ್ಲ ಒಂದೇ ಗಿಡದಲ್ಲಿ ಸಿಗುತ್ತವೆ. ಅದೇ ಬದುವಿನ ಅಲಸಂದಿ ಬಳ್ಳಿಯ ಹೇನಿನ ಹತ್ತಿರ ಹೋಗಿ. ಅಲ್ಲಿ ಗೊದ್ದ ಇರುವೆ ನಿಂತಿರುತ್ತದೆ. ಬೆರಳು ಹತ್ತಿರ ತಂದರೆ ತಲೆಯೆತ್ತಿ ಬಾಯಿ ತೆರೆಯುತ್ತದೆ. ಗುಲಗಂಜಿ ಹುಳು ಬಂದರೂ ನಿಲ್ಲಲಾರದು.

ದ್ರಾಕ್ಷಿಗೆ ಮರಳೋಣ. ಇಲ್ಲಿ ಹಿಟ್ಟು ತಿಗಣೆಗೆ ನಾವು ನಂಬಿದ ಮುಖ್ಯ ಮಿತ್ರ ಕ್ರಿಪ್ಟೋಲೀಮಸ್ ಗುಲಗಂಜಿ ಹುಳು. ಸುಮಾರು 4 ಮಿ.ಮೀ. ಉದ್ದ, ಕಿತ್ತಳೆ ತಲೆ, ಕಡುಗಂದು ಬೆನ್ನು. 1898ರಲ್ಲಿ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತದ ಕಾಫಿ ತೋಟಗಳ ಹಸಿರು ಶಲ್ಕ ಕೀಟಕ್ಕೆಂದು ತಂದದ್ದು. ಆ ಕೆಲಸದಲ್ಲಿ ಸೋತರೂ ಹಿಟ್ಟು ತಿಗಣೆಯ ಮೇಲೆ ಈ ನೆಲದಲ್ಲಿ ನೆಲೆ ಕಂಡುಕೊಂಡಿತು. ಅದರ ಮರಿಯನ್ನು ಒಮ್ಮೆ ಹತ್ತಿರದಿಂದ ನೋಡಲೇಬೇಕು, ಏಕೆಂದರೆ ತೋಟದಲ್ಲಿ ಅದನ್ನು ಕೊಲ್ಲುವವರು ಹೆಚ್ಚಾಗಿ ನಾವೇ. ಮೈತುಂಬ ಬಿಳಿ ಮೇಣದ ಎಳೆಗಳು, ಥೇಟ್ ಹಿಟ್ಟು ತಿಗಣೆಯ ಹಾಗೆ. ತೊಟ್ಟಿನಲ್ಲಿ ಕಂಡದ್ದೇ ಕೂಲಿಯವರು ಬೆರಳಲ್ಲಿ ಹೊಸಕಿಬಿಡುತ್ತಾರೆ. ಗುರುತು ಹೀಗೆ: ತಿಗಣೆ 3 ಮಿ.ಮೀ. ಆಸುಪಾಸು, ಮೇಣ ಗಿಡ್ಡ, ಮುಟ್ಟಿದರೂ ಸುಮ್ಮನೆ ಕೂತಿರುತ್ತದೆ. ಮರಿ ಬಲಿತಾಗ ಅದರ ಮೂರು ನಾಲ್ಕು ಪಟ್ಟು ಉದ್ದ, ಎಳೆಗಳು ಉದ್ದುದ್ದ ಜೋಲುತ್ತವೆ, ಹುಲ್ಲುಕಡ್ಡಿಯಿಂದ ಮುಟ್ಟಿದರೆ ಓಡುತ್ತದೆ. ಓಡುವುದನ್ನು ಬಿಡಿ, ಕೂತದ್ದನ್ನು ಹೊಸಕಿ ಎಂದು ಕೂಲಿಯವರಿಗೆ ಒಂದು ಮಾತು ಹೇಳಿದರೆ ಸಾಕು.

ಈ ಮೇಣದ ವೇಷ ಇರುವೆಯನ್ನೂ ಒಂದಷ್ಟು ಮೋಸಗೊಳಿಸುತ್ತದೆ. ಮರಿಯನ್ನು ಇರುವೆ ಹೆಚ್ಚು ಕಾಡುವುದಿಲ್ಲ. ಆದರೆ ವೇಷವಿಲ್ಲದ ದೊಡ್ಡ ಹುಳುವನ್ನು ಬಿಡುವುದಿಲ್ಲ. ಮೊಟ್ಟೆಯಿಡುವುದು ದೊಡ್ಡದೇ ಅಲ್ಲವೇ? ಅದನ್ನೇ ಓಡಿಸಿದ ಮೇಲೆ ಮರಿ ಬರುವುದೆಲ್ಲಿಂದ? ಅನಾಗೈರಸ್ ಕಣಜದ ಪಾಡು ಇನ್ನೂ ಕಷ್ಟ. ತಿಗಣೆ ಸಿಕ್ಕ ಮೇಲೆ ಮೀಸೆಯಿಂದ ಸವರಿ ಪರೀಕ್ಷಿಸಬೇಕು, ತಿರುಗಿ ನಿಲ್ಲಬೇಕು, ಚುಚ್ಚಬೇಕು. ನಡುವೆ ಒಂದು ಇರುವೆ ಸುಮ್ಮನೆ ಹಾದುಹೋದರೂ ಹಾರಿಬಿಡುತ್ತದೆ. ಇರುವೆ ನಡೆದ ಎಲೆಯಲ್ಲಿ ಉಳಿದ ಕಾಲಿನ ವಾಸನೆ ಹಿಡಿದೇ ಜಾಗ ಬಿಡುವ ಗುಲಗಂಜಿ ಹುಳು, ಕಣಜಗಳೂ ಇವೆ. ಹುಳು ಬಿಟ್ಟೆ, ಏನೂ ಉಪಯೋಗವಾಗಲಿಲ್ಲ ಎನ್ನುವ ದೂರು ಕೇಳಿದಾಗಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ: ಬಿಡುವ ಮೊದಲು ಬಳ್ಳಿಯಿಂದ ಇರುವೆ ಇಳಿಸಿದ್ದಿರಾ?

ಇಳಿಸುವುದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕೊಲ್ಲುವ ದಾರಿ ನಮ್ಮಲ್ಲಿ ಬಹಳ ಕಾಲ ನಡೆಯಿತು. ಬುಡದ ಸುತ್ತ ಬಿಳಿ ಪುಡಿ ಚೆಲ್ಲುತ್ತಿದ್ದರು. ಅದರಲ್ಲಿ ಹೆಚ್ಚು ಓಡಾಡಿದ ಮೀಥೈಲ್ ಪ್ಯಾರಾಥಿಯಾನ್ 2018ರಲ್ಲಿ ದೇಶದಲ್ಲೇ ನಿಷೇಧವಾಯಿತು. ಪುಡಿ ಸಾಯಿಸುವುದು ಮೇಲೆ ಓಡಾಡುವ ಕೆಲಸಗಾರ ಇರುವೆಗಳನ್ನು. ನೆಲದಡಿಯ ರಾಣಿಗೆ ಅದರ ಸುಳಿವೂ ಇಲ್ಲ, ಮೂರು ವಾರದಲ್ಲಿ ಸಾಲು ಮತ್ತೆ ಹಾಜರು. ಚಪ್ಪರದ ಮೇಲೆ ಸಿಂಥೆಟಿಕ್ ಪೈರೆಥ್ರಾಯ್ಡ್ ಬಗೆಯ ಕೀಟನಾಶಕ ಹೊಡೆದರೆ ಇನ್ನೂ ಕೇಡು. ಮೇಣದೊಳಗಿನ ತಿಗಣೆ, ಮೊಟ್ಟೆ ಚೀಲ ಉಳಿಯುತ್ತವೆ, ಬರಿಮೈಯ ಕಣಜ ಮತ್ತು ಗುಲಗಂಜಿ ಹುಳು ಸಾಯುತ್ತವೆ.

ಇಳಿಸಲು ಅಂಟು ಪಟ್ಟಿಯಷ್ಟು ಸರಳ ಸಾಧನ ಇನ್ನೊಂದಿಲ್ಲ. ಇದನ್ನು ಅರೆಬರೆ ಮಾಡಿ ಬೈಯುವವರೂ ಅಷ್ಟೇ ಜನ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮುಗಿದ ಕೂಡಲೇ ಕಾಂಡದ ಸಡಿಲ ತೊಗಟೆಯನ್ನು ಕೈಯಿಂದ ಸುಲಿದು, ಚೀಲದಲ್ಲಿ ತುಂಬಿ ಹೊರಗೆ ಸುಟ್ಟುಬಿಡಿ. ಆ ತೊಗಟೆಯಡಿಯೇ ತಿಗಣೆಯ ಮೊಟ್ಟೆ ಇರುವುದು. ನೆಲದಿಂದ ಒಂದರಿಂದ ಒಂದೂವರೆ ಅಡಿ ಎತ್ತರದಲ್ಲಿ, ಮೊದಲ ಕವಲಿಗಿಂತ ಕೆಳಗೆ, 3 ಇಂಚು ಅಗಲದ ಕಂದು ಕಾಗದದ ಟೇಪು ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿ. ಹಳೆಯ ಬಳ್ಳಿಯ ಕಾಂಡ ಉಬ್ಬುತಗ್ಗು, ಹಾಳೆಯ ಅಡಿಯಲ್ಲೇ ಇರುವೆಗೆ ಸುರಂಗ ಸಿಗುತ್ತದೆ. ಸೀಳುಗಳಿಗೆ ಮೊದಲು ಎರೆಮಣ್ಣಿನ ಕೆಸರು ಅಥವಾ ಹತ್ತಿ ಒತ್ತಿ. ಆಮೇಲೆ ಹಾಳೆಯ ನಡುವಿನ 2 ಇಂಚಿಗೆ ಮಾತ್ರ ಅಂಟು ಬಳಿಯಿರಿ, 2 ಮಿ.ಮೀ. ದಪ್ಪ ಸಾಕು. ಗ್ರೀಸನ್ನು ನೇರ ತೊಗಟೆಗೆ ಬಳಿಯಬಾರದು, ಎಣ್ಣೆ ಇಳಿದು ಎಳೆ ಕಾಂಡ ಸುಡುತ್ತದೆ. ಮನೆಯಲ್ಲೇ ಮಾಡುವುದಾದರೆ ರಾಳ ಮತ್ತು ಔಡಲ ಎಣ್ಣೆಯನ್ನು ಸಮತೂಕ ತೆಗೆದುಕೊಂಡು ಸಣ್ಣ ಉರಿಯಲ್ಲಿ ರಾಳ ಕರಗುವವರೆಗೆ ಕಲಕಿ. ರಾಳಕ್ಕೆ ಬೇಗ ಬೆಂಕಿ ಹತ್ತುತ್ತದೆ, ಮನೆಯೊಳಗೆ ಬೇಡ, ಪಕ್ಕದಲ್ಲಿ ಮುಚ್ಚಳ ಇರಲಿ. ಮಾರ್ಚ್ ಬಿಸಿಲಿಗೆ ಇದು ಇಳಿಯತೊಡಗಿದರೆ ಮುಂದಿನ ಸಲ ರಾಳ ಸ್ವಲ್ಪ ಹೆಚ್ಚಿಸಿ.

ಪಟ್ಟಿ ಸೋಲುವುದು ಮೂರು ಕಡೆ. ಒಂದು, ಧೂಳು. ನಮ್ಮ ಗಾಳಿಗೆ ಎಂಟು ಹತ್ತು ದಿನದಲ್ಲಿ ಅಂಟಿನ ಮೇಲೆ ಮಣ್ಣಿನ ಪೊರೆ ಕಟ್ಟುತ್ತದೆ. ಕಡ್ಡಿಯಿಂದ ಕೆರೆದು ಮಗುಚಿದರೆ ಮತ್ತೆ ಹೊಸದು. ಇರುವೆಯೇ ಮಣ್ಣಿನ ಹರಳು ತಂದು ಅಂಟಿನ ಮೇಲೆ ಸೇತುವೆ ಕಟ್ಟುವುದೂ ಉಂಟು. ಎರಡು, ಎಲ್ಲರೂ ಮರೆಯುವ ದಾರಿ: ಕಬ್ಬಿಣದ ಕಂಬ, ತಂತಿ, ಡ್ರಿಪ್ ಪೈಪು, ಬುಡದಿಂದೆದ್ದು ಚಪ್ಪರ ಮುಟ್ಟಿದ ಕಳೆ. ನೂರು ಬಳ್ಳಿಗೆ ಪಟ್ಟಿ ಕಟ್ಟಿ ಒಂದು ಕಂಬ ಬಿಟ್ಟರೆ ಇರುವೆಗೆ ಅಷ್ಟೇ ಸಾಕು, ಚಪ್ಪರ ಮೇಲೆಲ್ಲ ಒಂದೇ ಅಂಗಳವಲ್ಲವೇ. ಮೂರು, ಮರೆತುಬಿಟ್ಟ ಪಟ್ಟಿ. ವರ್ಷಗಟ್ಟಲೆ ಹಾಗೇ ಇದ್ದರೆ ಅದರಡಿ ತಿಗಣೆಯೇ ಮನೆ ಮಾಡುತ್ತದೆ, ತಂತಿ ಹಾಕಿ ಬಿಗಿದಿದ್ದರೆ ಎಳೆ ಕಾಂಡ ಕೊರೆಯುತ್ತದೆ. ಫಸಲು ಮುಗಿದ ಮೇಲೆ ಬಿಚ್ಚಿ.

9×5 ಅಡಿ ಅಂತರದಲ್ಲಿ ಎಕರೆಗೆ 968 ಬಳ್ಳಿ. ಅಷ್ಟಕ್ಕೂ ಕಟ್ಟುವುದು ಕೂಲಿಯ ಲೆಕ್ಕದಲ್ಲಿ ಆಗದ ಮಾತು. ಕಳೆದ ವರ್ಷ ತಿಗಣೆ ಬಿದ್ದ ಸಾಲು, ಬದುವಿಗೆ, ದಾರಿಗೆ, ಬೇವಿನ ಮರಕ್ಕೆ ಹತ್ತಿದ ಸಾಲು ಇವಿಷ್ಟರಿಂದ ಶುರುಮಾಡಿ. ಇರುವೆ ಎಲ್ಲಿದೆ ಎಂದು ನೋಡುವುದಕ್ಕೂ ಹೊತ್ತಿದೆ. ಮಧ್ಯಾಹ್ನ ಹೋದರೆ ನೆಲ ಸುಡುತ್ತಿರುತ್ತದೆ, ಇರುವೆ ಗೂಡಿನಲ್ಲಿರುತ್ತದೆ, ತೋಟ ಚೊಕ್ಕಟ ಕಾಣುತ್ತದೆ. ಬೆಳಿಗ್ಗೆ ಏಳಕ್ಕೆ ಹೋಗಿ, ಬೇಸಿಗೆಯಲ್ಲಾದರೆ ರಾತ್ರಿ ಎಂಟಕ್ಕೆ ಬ್ಯಾಟರಿ ಹಿಡಿದು ಹೋಗಿ. ಇಪ್ಪತ್ತು ಬಳ್ಳಿ, ಒಂದೊಂದಕ್ಕೆ ಒಂದು ನಿಮಿಷ, ಇಳಿಯುವ ಇರುವೆಗಳ ಎಣಿಕೆ. ಹದಿನೈದು ದಿನಕ್ಕೊಮ್ಮೆ ಬರೆದಿಟ್ಟರೆ ಪಟ್ಟಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಆ ಚೀಟಿಯೇ ಹೇಳುತ್ತದೆ.

ಇಂಡಿಯ ಲಿಂಬೆಗೆ, ಬಾಗಲಕೋಟೆಯ ದಾಳಿಂಬೆಗೆ ಇದೇ ಕ್ರಮ, ಸಣ್ಣ ತಿದ್ದುಪಡಿಯೊಂದಿಗೆ. ಲಿಂಬೆ ಗಿಡದ ಕೆಳಕೊಂಬೆಗಳು ಸೀರೆಯ ನೆರಿಗೆಯಂತೆ ನೆಲ ಮುಟ್ಟಿರುತ್ತವೆ. ಮೊದಲು ನೆಲದಿಂದ ಎರಡು ಅಡಿ ಎತ್ತರಕ್ಕೆ ಅವನ್ನು ಸವರದೆ ಪಟ್ಟಿ ಕಟ್ಟಿ ಏನೂ ಸಾಧಿಸಿದಂತಾಗುವುದಿಲ್ಲ. ದಾಳಿಂಬೆಯನ್ನು ಮೂರು ನಾಲ್ಕು ಕಾಂಡ ಬಿಟ್ಟು ಬೆಳೆಸುವುದರಿಂದ ಪ್ರತಿ ಕಾಂಡಕ್ಕೂ ಪಟ್ಟಿ ಬೇಕು. ಹಣ್ಣಿನ ಕಿರೀಟದೊಳಗಿನ ಒಣ ಕೇಸರ ತೆಗೆದುಹಾಕಿ, ತಿಗಣೆ ಮತ್ತು ಇರುವೆಗೆ ಅದು ಗೂಡಿದ್ದ ಹಾಗೆ.

ಇನ್ನೊಂದು ದಾರಿ ಇರುವೆಗೆ ಸಿಹಿಯನ್ನು ನೆಲದಲ್ಲೇ ಕೊಡುವುದು. ಸ್ಪೇನಿನ ಕಿತ್ತಳೆ ಜಾತಿಯ ತೋಟಗಳಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದ ಕೆಲಸ ಇದನ್ನು ಚೆನ್ನಾಗಿ ತೋರಿಸಿದೆ: ಇರುವೆಗಳಿಗೆ ಬೇರೆ ಕಡೆ ಸಕ್ಕರೆ ಕೊಟ್ಟಾಗ ಜೋನಿಯ ಕಾವಲು ಸಡಿಲವಾಯಿತು, ಕಣಜಗಳ ಕೆಲಸ ಹೆಚ್ಚಿತು. ಇರುವೆ ಸಾಲು ಕಂಡ ಬಳ್ಳಿಯ ಬುಡಕ್ಕೆ ಒಂದರಂತೆ ಸಣ್ಣ ಬಾಟಲಿ, ಒಳಗೆ ಹತ್ತಿ, ಲೀಟರಿಗೆ 250 ಗ್ರಾಂ ಸಕ್ಕರೆಯ ನೀರು. ಎಡವುವುದು ಇಲ್ಲಿ: ನೀರು ಎರಡು ದಿನದಲ್ಲಿ ಆರುತ್ತದೆ ಅಥವಾ ನಾಲ್ಕನೆಯ ದಿನಕ್ಕೆ ಹುಳಿ ಬರುತ್ತದೆ, ಆಗ ಇರುವೆ ಮತ್ತೆ ಮೇಲೇರುತ್ತದೆ. ಎಕರೆಗೆ ನಾಲ್ಕು ಬಾಟಲಿ ಇಟ್ಟು ಫಲ ಸಿಗಲಿಲ್ಲ ಎಂದರೆ ಅದು ವಿಧಾನದ ತಪ್ಪಲ್ಲ. ಬಾಟಲಿ ದಾರಿಯ ಮೇಲೇ ಇರಬೇಕು, ಮೇಲಿನ ಜೋನಿಗಿಂತ ಹತ್ತಿರ, ಜೋನಿಗಿಂತ ಧಾರಾಳ. ತಿಂಗಳಾನುಗಟ್ಟಲೆ ಇಟ್ಟರೆ ಗೂಡು ಬೆಳೆಯುತ್ತದೆ ಎಂಬ ಅಂಜಿಕೆಯೂ ಸುಳ್ಳಲ್ಲ. ಕ್ರಿಪ್ಟೋಲೀಮಸ್ ಬಿಡುವ ಆಚೀಚಿನ ಮೂರು ನಾಲ್ಕು ವಾರಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನನ್ನ ಅನಿಸಿಕೆ.

ಗೂಡನ್ನೇ ಕುಗ್ಗಿಸಬೇಕಾದಷ್ಟು ಇರುವೆ ಇದ್ದರೆ ಅದೇ ಸಕ್ಕರೆ ನೀರಿಗೆ ಲೀಟರಿಗೆ 5ರಿಂದ 8 ಗ್ರಾಂ ಬೋರಿಕ್ ಆಮ್ಲ. ಹೆಚ್ಚು ಹಾಕಿದರೆ ಹೆಚ್ಚು ಸಾಯುತ್ತವೆ ಎನ್ನುವುದು ಇಲ್ಲಿ ತಲೆಕೆಳಗು. ಇರುವೆ ಅದನ್ನು ಹೊತ್ತು, ಗೂಡು ಸೇರಿ, ಹಂಚಿ, ರಾಣಿಯ ಬಾಯಿಗೆ ಮುಟ್ಟಿಸಬೇಕು. ದಾರಿಯಲ್ಲೇ ಸತ್ತರೆ ರಾಣಿಗೆ ಏನೂ ತಲುಪುವುದಿಲ್ಲ. ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇಡಬೇಕಾದ ಹೊತ್ತು ಏಪ್ರಿಲ್ ಚಾಟ್ನಿ ಆದ ಮೇಲೆ, ಬಳ್ಳಿ ಬೋಳಾಗಿ ಮೇಲೆ ಜೋನಿ ಇಲ್ಲದಾಗ. ಜನವರಿಯಲ್ಲಿ ಇಟ್ಟರೆ ತಾಜಾ ಜೋನಿ ಬಿಟ್ಟು ನಿಮ್ಮ ಬಾಟಲಿಗೆ ಅದು ಏಕೆ ಬರಬೇಕು? ಒಂದು ಎಚ್ಚರ ಮಾತ್ರ ತಪ್ಪಬಾರದು. ಇದು ವಿಷದ ಸಿಹಿ, ಜೇನಿಗೂ ಸಿಹಿಯೇ. ಮುಚ್ಚಳಕ್ಕೆ 2 ಮಿ.ಮೀ. ತೂತು ಎರಡು, ಒಳಗೆ ನೆನೆದ ಹತ್ತಿ, ಬಾಟಲಿ ಅಡ್ಡ ಮಲಗಿ ಕಲ್ಲಿನ ನೆರಳಲ್ಲಿ. ಕೋಲುಜೇನು, ತುಡುವೆ ಜೇನು ಆ ತೂತಿನಲ್ಲಿ ತೂರವು. ನಸರಿ ಜೇನು ತೂರಬಲ್ಲದು, ಅದರ ಗೂಡು ಹತ್ತಿರವಿದ್ದರೆ ಈ ಬಾಟಲಿಯ ಗೊಡವೆಯೇ ಬೇಡ. ಉಳಿದ ದ್ರಾವಣವನ್ನು ಬಳ್ಳಿಯ ಬುಡಕ್ಕೆ ಚೆಲ್ಲಬೇಡಿ, ಬೋರಾನ್ ಹೆಚ್ಚಾದರೆ ದ್ರಾಕ್ಷಿಯ ಎಲೆಯಂಚು ಸುಡುತ್ತದೆ. ದನಕರು, ಮಕ್ಕಳ ಕೈಗೆ ಸಿಗದಂತೆ ಇಡಿ.

ಇರುವೆ ಇಳಿದು ಒಂದು ವಾರ, ಹತ್ತು ದಿನವಾದ ಮೇಲೆ ಹುಳು ಬಿಡಿ. ಕ್ರಿಪ್ಟೋಲೀಮಸ್‌ಗೆ ತಿಗಣೆ ಇರುವ ಬಳ್ಳಿಯೊಂದಕ್ಕೆ 8–10 ಎನ್ನುವುದು ರೂಢಿಯ ಶಿಫಾರಸು. ಸಂಜೆ ಇಳಿಬಿಸಿಲಿಗೆ ಬಿಡಿ, ನಡುಮಧ್ಯಾಹ್ನ ಬಿಟ್ಟದ್ದು ಹಾರಿ ಹೋಗುತ್ತದೆ. ಕಬ್ಬಿಗೆ, ಗೋವಿನಜೋಳಕ್ಕೆ ಟ್ರೈಕೋ ಕಾರ್ಡ್, ಅಂದರೆ ಒಳಗೆ ಟ್ರೈಕೋಗ್ರಾಮ ಕಣಜ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ರಟ್ಟು, ಕಟ್ಟುವವರಿಗೂ ಇರುವೆಯ ಕಾಟ ತಪ್ಪಿದ್ದಲ್ಲ. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆ. ಎಲೆಯ ಮೇಲೆ ಕಾರ್ಡನ್ನು ಎರಡು ದಿನ ಸುಮ್ಮನೆ ಬಿಟ್ಟರೆ ಇರುವೆ ಮೊಟ್ಟೆಗಳನ್ನೇ ಬಿಡಿಸಿಕೊಂಡು ಹೋಗುತ್ತದೆ, ಉಳಿಯುವುದು ಬರೀ ರಟ್ಟು. ಮೊಟ್ಟೆ ಕಪ್ಪಗಾಗಿ ಕಣಜ ಹೊರಬರಲು ಒಂದು ದಿನವಷ್ಟೇ ಇದೆ ಎನ್ನುವಾಗ ಕಾರ್ಡನ್ನು ತುಂಡು ಮಾಡಿ, ಎಲೆಯ ಅಡಿಭಾಗಕ್ಕೆ, ನೆರಳಿಗೆ, ಹೊಲದ ತುಂಬ ಹಂಚಿ ಪಿನ್ ಹಾಕಿ. ಎಲೆಯ ತೊಟ್ಟಿನ ಕಡೆಗೆ ಬೆರಳಲ್ಲಿ ಒಂದು ಸುತ್ತು ವ್ಯಾಸಲೀನ್ ಸವರಿದರೆ ಇರುವೆಗೆ ಅಲ್ಲಿಯೇ ಲಗಾಮು.

ಇನ್ನು ಮಿತ್ರಕೀಟಕ್ಕೆ ಅದರದೇ ಊಟ. ಇದರಲ್ಲಿ ನಮ್ಮ ಹಿರಿಯರು ಮುಂದಿದ್ದರು. ಕಡಲೆ ಹೊಲದಲ್ಲಿ ಕೊತ್ತಂಬರಿ ಬೆರೆಸಿ ಬಿತ್ತುವುದು, ಸುತ್ತ ಕುಸುಬೆಯ ಸಾಲು ಹಾಕುವುದು ಈ ಸೀಮೆಯಲ್ಲಿ ತಲೆತಲಾಂತರದ ರೂಢಿ. ಕೊತ್ತಂಬರಿ, ಸಬ್ಬಸಿಗೆ, ಓಮದ ಹೂವು ತೆರೆದ ತಟ್ಟೆ, ಮಕರಂದ ಮೇಲೆಯೇ ಇರುತ್ತದೆ. ಒಂದೆರಡು ಮಿ.ಮೀ. ಕಣಜದ ಗಿಡ್ಡ ಬಾಯಿಗೂ ಅದು ಸಿಗುತ್ತದೆ. ಕೊಳವೆಯಂಥ ಹೂವು ಎಷ್ಟು ಚೆಂದವಿದ್ದರೂ ಅದಕ್ಕೆ ಪ್ರಯೋಜನವಿಲ್ಲ. ಕಡಲೆಯ ಕಾಯಿಕೊರಕವನ್ನು ಮೆಟ್ಟುವ ಕ್ಯಾಂಪೊಲೆಟಿಸ್ ಕಣಜ ಕೊತ್ತಂಬರಿ ಇರುವ ಹೊಲದಲ್ಲಿ ಹೆಚ್ಚು ಸಿಗುತ್ತದೆ ಎಂದು ಕೃಷಿ ವಿಜ್ಞಾನಿಗಳೂ ಕಂಡುಕೊಂಡಿದ್ದಾರೆ. ದ್ರಾಕ್ಷಿ ಸಾಲುಗಳ ನಡುವೆ ಹದಿನೈದು ದಿನಕ್ಕೊಂದು ಪಟ್ಟೆಯಂತೆ ಕೊತ್ತಂಬರಿ, ಸಬ್ಬಸಿಗೆ ಚೆಲ್ಲಿದರೆ ಒಂದು ಬಾಡುವುದರೊಳಗೆ ಇನ್ನೊಂದು ಹೂವಾಗುತ್ತದೆ. ಸೊಪ್ಪಿಗೆಂದು ಹೂವಿಗೆ ಮುನ್ನವೇ ಕಿತ್ತರೆ ಕಣಜಕ್ಕೆ ಏನೂ ಸಿಗದು, ಕಾಲು ಭಾಗವನ್ನಾದರೂ ಬಿಡಿ.

ಅಲಸಂದಿ, ಹತ್ತಿ, ಔಡಲ ಇವು ಬೇರೆ ಬಗೆ. ಹೂವಿನ ಹೊರಗೂ ಇವುಗಳಿಗೆ ಮಕರಂದದ ಗಂಟುಗಳಿವೆ: ಹತ್ತಿಗೆ ಎಲೆಯ ಅಡಿಯ ನರದ ಮೇಲೆ, ಔಡಲಕ್ಕೆ ಎಲೆತೊಟ್ಟಿನ ಮೇಲೆ. ಗಿಡಗಳು ಇರುವೆಯನ್ನು ಕಾವಲಿಗೆ ಕರೆಯಲೆಂದೇ ಇಟ್ಟ ಸಂಬಳ ಅದು. ದ್ರಾಕ್ಷಿಯ ಅಂಚಿಗೆ ಅಲಸಂದಿ ಹಾಕಿದರೆ ಇರುವೆಯ ಒಂದು ಪಾಲು ಅಲ್ಲೇ ನಿಲ್ಲುತ್ತದೆ. ಅದರೊಡನೆ ಅಲಸಂದಿಯ ಹೇನೂ ಬರುತ್ತದೆ. ಬಳ್ಳಿಗೆ ತಾಕದಷ್ಟು, ಆರೇಳು ಅಡಿ ದೂರದಲ್ಲಿ ಹಾಕುವುದಾದರೆ ಮಾತ್ರ ಹಾಕಿ.

ಬೆಳಗಾವಿ, ಬಾಗಲಕೋಟೆಯ ಕಬ್ಬಿನಲ್ಲಿ ಇದೇ ಜಗಳ ಎಲೆಯ ಕವಚದೊಳಗೆ ನಡೆಯುತ್ತದೆ. ಗಣ್ಣಿನ ಸುತ್ತ ಕೂತ ಗುಲಾಬಿ ಹಿಟ್ಟು ತಿಗಣೆಗೆ ರವದಿ ಎಂಬ ಒಣ ಎಲೆಯೇ ಕೋಟೆ, ಸಣ್ಣ ಇರುವೆ ಅದರೊಳಗೆ ನುಸುಳುತ್ತದೆ, ಗುಲಗಂಜಿ ಹುಳುವಿಗೆ ಆಗದು. ಐದನೆಯ ಮತ್ತು ಏಳನೆಯ ತಿಂಗಳಲ್ಲಿ ಕೆಳಗಿನ ರವದಿ ಸುಲಿದರೆ ಕೋಟೆ ಬಯಲಾಗುತ್ತದೆ. 2002ರಲ್ಲಿ ಬಿಳಿ ಉಣ್ಣೆ ಹೇನು ಮಹಾರಾಷ್ಟ್ರದಿಂದ ಈ ಕಡೆ ಇಳಿದು ಕೃಷ್ಣಾ ತೀರದ ಕಬ್ಬೆಲ್ಲ ಜೋನಿ ಸುರಿದು ಕಪ್ಪಾದದ್ದು ಹಲವರಿಗೆ ನೆನಪಿರಬಹುದು. ಆಗ ಕೈಹಿಡಿದದ್ದು ಡೈಫಾ ಪತಂಗದ ಮರಿ ಮತ್ತು ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆ ಕೀಟ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಅವನ್ನು ಸಾಕಿ ಹಂಚಿತು, ರೈತರು ಮರಿ ಇರುವ ಎಲೆಯನ್ನೇ ಕತ್ತರಿಸಿ ಇನ್ನೊಂದು ಹೊಲಕ್ಕೆ ಒಯ್ದು ಸಿಕ್ಕಿಸಿದರು.

ಸೂರ್ಯಕಾಂತಿಗೆ ಜೇನುಪೆಟ್ಟಿಗೆ ಇಡುವವರಿಗೆ ಒಂದು ಮಾತು. ಬರಗಾಲದ ತಿಂಗಳಲ್ಲಿ ಸಕ್ಕರೆ ಪಾಕ ಕೊಡುವಾಗ ಒಂದು ಹನಿ ಹೊರಗೆ ಚೆಲ್ಲಿದರೂ ಇರುವೆಗೆ ಕರೆಯೋಲೆ ಹೋದಂತೆ. ಪಾಕವನ್ನು ಸಂಜೆಯೇ ಕೊಡಿ, ಪೆಟ್ಟಿಗೆಯೊಳಗೇ ಕೊಡಿ. ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಟ್ಟರೆ ಸಾಲದು, ಒಣ ಎಲೆ, ಹುಲ್ಲು ಬಿದ್ದು ಸೇತುವೆಯಾಗುತ್ತದೆ. ದಿನಕ್ಕೊಮ್ಮೆ ನೋಡಿ, ಜೇನು ನೀರಿಗೆ ಬಿದ್ದು ಸಾಯದಂತೆ ಬಟ್ಟಲಿನ ಮೇಲೆ ಅಗಲ ತಗಡಿನ ಮುಚ್ಚಳ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೂ ಇರುವೆಯ ಮೇಲೆ ಹಗೆ ಬೇಡ. ಸುಮಾರು ಕ್ರಿ.ಶ. 304ರ ಚೀನೀ ಬರಹವೊಂದರಲ್ಲಿ ಕಿತ್ತಳೆ ಬೆಳೆಗಾರರು ಕೀಟ ತಿನ್ನಲೆಂದು ಇರುವೆಯ ಗೂಡನ್ನು ಕೊಂಡು ಮರಕ್ಕೆ ಕಟ್ಟುತ್ತಿದ್ದ ಮಾತಿದೆ. ಅದು ಎಲೆ ಹೊಲಿದು ಗೂಡು ಕಟ್ಟುವ ಇರುವೆ, ನಮ್ಮ ಖಾನಾಪುರದ ಕಾಡಂಚಿನ ಚಿಗಳಿಯ ಜಾತಿ. ಎರೆಹೊಲದಲ್ಲಿ ಇರುವೆ ಗೆದ್ದಲನ್ನು ತಿನ್ನುತ್ತದೆ, ಮಣ್ಣಿಗಿಳಿದ ಕೊರಕದ ಕೋಶವನ್ನು ಎಳೆದೊಯ್ಯುತ್ತದೆ, ಸತ್ತದ್ದನ್ನು ಚೊಕ್ಕ ಮಾಡುತ್ತದೆ. ತೊಗರಿ, ಹತ್ತಿಗೆ ಬೆಲ್ಲದ ನೀರು ಚಿಮುಕಿಸಿ ಇರುವೆಯನ್ನು ಬೇಕೆಂದೇ ಕರೆಯುವವರೂ ಇದ್ದಾರೆ, ಜೋನಿ ಸುರಿಸುವ ಹುಳು ಇಲ್ಲದ ಬೆಳೆಯಲ್ಲಿ ಅದಕ್ಕೆ ಅರ್ಥವೂ ಇದೆ. ನೆಲದ ಮೇಲೆ ಅದು ಇರಲಿ. ದ್ರಾಕ್ಷಿಯ ಕಾಂಡದ ಮೇಲೆ, ಅದೂ ಅಕ್ಟೋಬರಿನಿಂದ ಮಾರ್ಚಿನವರೆಗೆ ಮಾತ್ರ, ಬೇಡ.

ಪಟ್ಟಿ ಕಟ್ಟಿ, ಹುಳು ಬಿಟ್ಟು ಮೂರು ವಾರವಾದ ಮೇಲೆ ತಿಗಣೆ ಇದ್ದ ಎಲೆಗಳನ್ನು ಮಗುಚಿ ನೋಡಿ. ಬಿಳಿ ಹಿಟ್ಟು ಉದುರಿ, ಕಂದುಬಣ್ಣಕ್ಕೆ ತಿರುಗಿ, ತೊಗಲಿನ ಹಾಗೆ ಬಿರುಸಾಗಿ ಉಬ್ಬಿದ ತಿಗಣೆ ಸಿಕ್ಕರೆ ಒಳಗೆ ಕಣಜದ ಮರಿ ಇದೆ. ತುದಿಯಲ್ಲಿ ಸೂಜಿಮೊನೆಯಷ್ಟು ದುಂಡಗಿನ ತೂತು ಇದ್ದರೆ ಅದು ಹೊರಬಿದ್ದು ಹೋಗಿದೆ, ಇನ್ನೊಂದು ತಿಗಣೆ ಹುಡುಕುತ್ತಿದೆ. ಆ ಎಲೆಗಳನ್ನು ರೋಗದ ಎಲೆಯೆಂದು ಕಿತ್ತು ಸುಡಬೇಡಿ. ತೂತಿಲ್ಲದ ಇಂಥ ತಿಗಣೆ ಇರುವ ಎಲೆ ಹತ್ತಿಪ್ಪತ್ತು ಸಿಕ್ಕರೆ ಒಂದು ಕಾಗದದ ಚೀಲಕ್ಕೆ ಹಾಕಿ, ಬಾಯಿ ತೆರೆದು, ತಿಗಣೆ ಹೆಚ್ಚಿರುವ ಇನ್ನೊಂದು ಸಾಲಿನ ತಂತಿಗೆ ತೂಗುಹಾಕಿ. ತೂಗುಹಾಕಿದ ದಾರಕ್ಕೂ ಒಂದಿಷ್ಟು ಗ್ರೀಸು ಸವರಿ.